ಆತಂಕದ ಕಾಯಿಲೆಗೆ ಮಾತಿನ ಚಿಕಿತ್ಸೆ ಫಲಿಸುತ್ತದಾ ಅಂತ ರಕ್ತ ಪರೀಕ್ಷೆ, ಸ್ಕ್ಯಾನ್‌ನಲ್ಲಿ ಮೊದಲೇ ಗೊತ್ತಾಗುತ್ತದೆಯೇ?

ಸದ್ಯಕ್ಕೆ ಇಲ್ಲ. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಯಾರಿಗೆ ಒಗ್ಗುತ್ತದೆ ಎಂದು ಮೊದಲೇ ಹೇಳುವ, ಆಸ್ಪತ್ರೆಯಲ್ಲಿ ನೆಚ್ಚಬಹುದಾದ ಪರೀಕ್ಷೆ ಯಾವುದೂ ಇನ್ನೂ ಬಂದಿಲ್ಲ.

ಹುಡುಕಾಟವೇನೋ ಜೋರಾಗಿ ನಡೆದಿದೆ. ಸೆರೊಟೊನಿನ್ ಎಂಬ ಮಿದುಳಿನ ರಾಸಾಯನಿಕವನ್ನು ಸಾಗಿಸುವ ಪ್ರೋಟೀನಿನ ಜೀನ್ ತಗೊಳ್ಳಿ. ತಂದೆ ತಾಯಿ ಇಬ್ಬರಿಂದಲೂ ಇದರ ಗಿಡ್ಡ ರೂಪ ಬಂದ ಮಕ್ಕಳಿಗೆ ಸಿಬಿಟಿಯಿಂದ ಜಾಸ್ತಿ ಗುಣ ಸಿಕ್ಕಿತು ಎಂದು ಒಂದು ಅಧ್ಯಯನ ಹೇಳಿತ್ತು. ಅದರಲ್ಲಿದ್ದವರು 359 ಮಕ್ಕಳು. ಆಮೇಲೆ ಇನ್ನೂ ಹೆಚ್ಚು ಮಕ್ಕಳಲ್ಲಿ ನೋಡಿದಾಗ ಆ ನಂಟು ಉಳಿಯಲಿಲ್ಲ.

ಮಿದುಳಿನ ಸ್ಕ್ಯಾನ್ ನನಗೆ ಇದಕ್ಕಿಂತ ಭರವಸೆಯ ದಾರಿ ಅನಿಸುತ್ತದೆ. ಜನರನ್ನು ಎದುರಿಸಲು ತೀರಾ ಭಯಪಡುವ 39 ಮಂದಿಗೆ ಎಫ್‌ಎಂಆರ್‌ಐ (ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಸ್ಕ್ಯಾನ್) ಒಳಗೆ ಮುಖಗಳ ಚಿತ್ರ ತೋರಿಸಿದರು. ಕೋಪದ ಮುಖ ಕಂಡಾಗ ಯಾರ ಮಿದುಳಿನ ದೃಷ್ಟಿ ಭಾಗಗಳು ಹೆಚ್ಚು ಚುರುಕಾದವೋ, ಅವರಿಗೇ ಸಿಬಿಟಿ ಹೆಚ್ಚು ನೆರವಾಯಿತು. ಇದು 2013ರ ಫಲಿತಾಂಶ. ಆದರೆ ಇದು ಸಣ್ಣ ಗುಂಪು, ಅಲ್ವಾ? ಒಂದು ಗುಂಪಿನ ಸರಾಸರಿಯಿಂದ ನಿಮ್ಮೊಬ್ಬರ ಬಗ್ಗೆ ಹೇಳಲು ಆಗುವುದಿಲ್ಲ.

ಹಾಗಾಗಿ ಇದಕ್ಕೆಂದು ಯಾರಾದರೂ ಜೀನ್ ಪರೀಕ್ಷೆ ಮಾರಲು ಬಂದರೆ ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. ಚಿಕಿತ್ಸೆ ಶುರು ಮಾಡಿ, ಕೆಲವು ವಾರಗಳ ನಂತರ ಎಷ್ಟು ಬದಲಾಗಿದೆ ಎಂದು ಥೆರಪಿಸ್ಟ್ ಜೊತೆ ಕೂತು ನೋಡಿ. ಸಾಲದು ಅನಿಸಿದರೆ ವಿಧಾನ ಬದಲಿಸುವ ಅಥವಾ ಔಷಧಿ ಸೇರಿಸುವ ಮಾತನ್ನು ಆಗ ಕೇಳಿ.