ತರಗತಿಯಲ್ಲಿ ಆಸಕ್ತಿ ಇಲ್ಲದೆ ಕೂರುವ ಮಕ್ಕಳನ್ನು ಪಾಠಕ್ಕೆ ತರುವುದು ಹೇಗೆ?

ನೀವು ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದೀರಿ. ಐದಾರು ಮಕ್ಕಳು ಮಾತ್ರ ಕೈ ಎತ್ತುತ್ತಾರೆ, ಉಳಿದವರು ಕಲ್ಲಿನ ಹಾಗೆ ಕೂತಿರುತ್ತಾರೆ. ಬೈದು ನೋಡಿದಿರಿ, ಚಾಕೊಲೇಟ್ ಆಸೆ ತೋರಿಸಿ ನೋಡಿದಿರಿ, ನಾಲ್ಕು ದಿನಕ್ಕೆ ಎಲ್ಲ ಮೊದಲಿನಂತೆಯೇ ಆಯಿತು. ಇನ್ನೇನು ಮಾಡಲಿ ಅಂತ ಕೇಳಿದ್ದೀರಿ.

ನಾನೂ ಬಹಳ ವರ್ಷ ಇದೇ ವಯಸ್ಸಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೇನೆ. ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗೆ ಕೂರುವವರಲ್ಲಿ ಜಾಸ್ತಿ ಮಂದಿ ಸೋಮಾರಿಗಳಲ್ಲ. ತಪ್ಪು ಹೇಳಿ ಎಲ್ಲರ ಮುಂದೆ ತಲೆ ತಗ್ಗಿಸುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದೇ ವಾಸಿ ಅಂತ ಯಾವತ್ತೋ ತೀರ್ಮಾನ ಮಾಡಿಕೊಂಡವರು.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಕೊನೆ ಬೆಂಚು, ಗೋಡೆ ಪಕ್ಕ. ಬೋರ್ಡ್ ಮೇಲಿನದನ್ನೆಲ್ಲ ಅಂದವಾಗಿ ಬರೆದುಕೊಳ್ಳುತ್ತಿದ್ದ. ಲೆಕ್ಕ ಕೊಟ್ಟರೆ ಮಾತ್ರ ಪೆನ್ಸಿಲ್ ಚೂಪು ಮಾಡುತ್ತಾ ಕೂರುತ್ತಿದ್ದ. ಒಂದು ದಿನ ಬೆಂಚುಗಳ ನಡುವೆ ಓಡಾಡುವಾಗ ಅವನ ಪುಸ್ತಕದಲ್ಲಿ 1/2 + 1/3 = 2/5 ಅಂತ ಬರೆದದ್ದು ಕಂಡಿತು. ನಾನು ಬಂದದ್ದು ನೋಡಿ ಅಂಗೈ ಅಡ್ಡ ಇಟ್ಟ. ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿದ್ದಾನೆ. ಪಕ್ಕದಲ್ಲಿ ಬಗ್ಗಿ ಮೆಲ್ಲಗೆ ಕೇಳಿದೆ, "2/5 ಅನ್ನೋದು ಅರ್ಧಕ್ಕಿಂತ ಜಾಸ್ತಿನೋ ಕಮ್ಮಿನೋ?" ಆಮೇಲೆ ನಾನು ಬಾಯಿ ತೆರೆಯಲಿಲ್ಲ. ಅವನು ಪುಟದ ಅಂಚಿನಲ್ಲಿ ಐದು ಗೀಟು ಎಳೆದ. ಎರಡಕ್ಕೆ ಸುತ್ತು ಹಾಕಿದ. "ಕಮ್ಮಿ" ಅಂದ. ಸ್ವಲ್ಪ ಹೊತ್ತು ಸುಮ್ನೆ ಅದನ್ನೇ ನೋಡಿದ. ಆಮೇಲೆ, "ಅರ್ಧಕ್ಕೆ ಇನ್ನೊಂದಷ್ಟು ಸೇರಿಸಿದ ಮೇಲೂ ಅರ್ಧಕ್ಕಿಂತ ಕಮ್ಮಿ ಹೇಗಾಯ್ತು ಮಿಸ್?" ಅಂದ.

ಆ ಪ್ರಶ್ನೆ ಅವನದೇ. ಆರು ಭಾಗ ಮಾಡಿ, ಮೂರಕ್ಕೆ ಎರಡು ಕೂಡಿಸಿ 5/6 ಅಂತ ಬರೆಯುವ ಹೊತ್ತಿಗೆ ಬೆಲ್ ಹೊಡೆದಿತ್ತು. ಅವನಿನ್ನೂ ಎದ್ದಿರಲಿಲ್ಲ.

ಅವತ್ತು ನಾನು ಮಾಡಿದ್ದು ಎರಡೇ ಕೆಲಸ. ಅವನ ಕೈಗೆ ಎಟುಕುವ ಪ್ರಶ್ನೆ ಕೇಳಿದೆ, ಕಾದೆ. ಈ ಕಾಯುವುದು ನಮಗೆ ಬಹಳ ಕಷ್ಟ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಇದನ್ನು ಅಳೆದಿದ್ದರು. ಟೀಚರ್‌ಗಳು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ 1 ಸೆಕೆಂಡ್ ಅಷ್ಟೇ! ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರವೇ ಬಾರದೆ ಹೋಗುವುದು ಕಡಿಮೆಯಾಯಿತು, ದಡ್ಡರು ಅನ್ನಿಸಿಕೊಂಡಿದ್ದವರೂ ಮಾತಾಡಿದರು. ಒಂದು ಸೆಕೆಂಡಿನಲ್ಲಿ ಉತ್ತರ ಕೊಡುವವರು ನಿಮ್ಮ ಆ ಐದಾರು ಮಕ್ಕಳೇ ಅಲ್ವಾ? ಉಳಿದವರು ಯೋಚನೆ ಶುರು ಮಾಡುವಷ್ಟರಲ್ಲಿ ಆಟ ಮುಗಿದಿರುತ್ತದೆ.

ಹಾಗಾಗಿ ಕೈ ಎತ್ತಿಸುವುದನ್ನು ಸ್ವಲ್ಪ ದಿನ ನಿಲ್ಲಿಸಿ ನೋಡಿ. ಪ್ರಶ್ನೆ ಕೇಳಿ, ಎಲ್ಲರೂ ಪುಸ್ತಕದಲ್ಲಿ ಬರೆಯಲಿ. ಪಕ್ಕದವರಿಗೆ ತೋರಿಸಿ ಮಾತಾಡಿಕೊಳ್ಳಲಿ. ಆಮೇಲೆ ಯಾವುದಾದರೂ ಜೋಡಿಯನ್ನು ಕೇಳಿ. "ನೀವಿಬ್ಬರೂ ಏನು ಅಂದುಕೊಂಡಿರಿ?" ಅಂದರೆ ತಪ್ಪಾದರೂ ಭಾರ ಇಬ್ಬರಿಗೆ ಹಂಚಿಹೋಗುತ್ತದೆ. ಕಿಟಕಿ ನೋಡುತ್ತಿರುವವರನ್ನು ಎಬ್ಬಿಸಿ ನಿಲ್ಲಿಸಿ ಉತ್ತರ ಕೇಳುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಅದು ಅವರ ಹೆದರಿಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ಚಾಕೊಲೇಟ್ ವಿಷಯ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಚಿತ್ರ ಬಿಡಿಸುವುದು ಮೊದಲೇ ಇಷ್ಟ ಇದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿ ಕೊಟ್ಟರು. ಕೆಲವು ದಿನ ಬಿಟ್ಟು ನೋಡಿದರೆ, ಬಹುಮಾನದ ಮಾತೇ ಕೇಳದ ಮಕ್ಕಳಿಗಿಂತ ಇವರು ಚಿತ್ರ ಬಿಡಿಸುವುದು ಕಮ್ಮಿಯಾಗಿತ್ತು. ಹೇಳದೆ ಕೇಳದೆ ಅದೇ ಪತ್ರ ಸಿಕ್ಕ ಮಕ್ಕಳಿಗೆ ಹಾಗೆ ಆಗಲಿಲ್ಲ. ಇದು ಆಸಕ್ತಿ ಇದ್ದ ಮಕ್ಕಳ ಕಥೆ ನಿಜ. ಆದರೆ ನಿಮ್ಮ ಚಾಕೊಲೇಟ್ ಯಾವಾಗಲೂ ಹೋಗುವುದು ಆ ಐದಾರು ಮಕ್ಕಳಿಗೇ. ಉಳಿದವರಿಗೆ ಅದು ಸಿಗಲ್ಲ ಅಂತ ಮೊದಲೇ ಗೊತ್ತು.

ಇನ್ನೊಂದು ಮಾತು. ಬೋರ್ಡ್ ಕಾಣದ ಮಗು, ನಿದ್ದೆ ಇಲ್ಲದ ಮಗು, ಮನೆಯಲ್ಲಿ ಜಗಳ ನೋಡಿ ಬಂದ ಮಗು ಕೂಡ ಹೀಗೇ ಕೂತಿರುತ್ತದೆ. ಒಬ್ಬೊಬ್ಬರೇ ಸಿಕ್ಕಾಗ ಕೇಳಿ, ಎಲ್ಲರ ಮುಂದೆ ಬೇಡ. ಮಗ್ಗಿಯೇ ಬಾರದವರೂ ಇರುತ್ತಾರೆ. ಅವರಿಗೆ ಅಲ್ಲಿಂದಲೇ ಶುರು ಮಾಡಬೇಕು.

ಮೊದಲ ವಾರ ಆ ಮೂರು ಸೆಕೆಂಡಿನ ಮೌನ ನಿಮಗೇ ಹಿಂಸೆ ಅನ್ನಿಸುತ್ತದೆ. ಮನಸ್ಸಿನಲ್ಲೇ ಎಣಿಸಿ. ನಲವತ್ತು ಮಕ್ಕಳನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ನಾಳೆ ಒಂದು ಮಗುವಿನ ಪುಸ್ತಕ ನೋಡಿ, ಅದರಲ್ಲಿ ಒಂದೇ ಒಂದು ತಪ್ಪು ಲೆಕ್ಕ ಆರಿಸಿಕೊಳ್ಳಿ. ಏನು ಕೇಳಬೇಕು ಅಂತ ಹೊಳೆಯದಿದ್ದರೆ ಆ ಲೆಕ್ಕವನ್ನು ಇಲ್ಲೇ ಬರೆಯಿರಿ. ಸೇರಿ ಯೋಚಿಸೋಣ.