9ನೇ ತರಗತಿಯ ಮಗನಿಗೆ ಯೆಹೂದಿ ಹತ್ಯಾಕಾಂಡದ ಬಗ್ಗೆ ಹೇಗೆ ಹೇಳಲಿ?

ಮಗನಿಗೆ ಶಾಲೆಯಲ್ಲಿ ನಾಜಿ ಜರ್ಮನಿಯ ಪಾಠ ಆಗಿದೆ, "ಹಿಟ್ಲರ್ ದೇಶ ಕಟ್ಟಿದವನಲ್ವಾ ಅಮ್ಮಾ?" ಅಂತ ಕೇಳಿದ, ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿ ಕೊಂದ ಕ್ಯಾಂಪುಗಳ ವಿಡಿಯೊ ತೋರಿಸಿದರೆ ಬುದ್ಧಿ ಬರುತ್ತಾ ಅಂತ ಕೇಳಿದ್ದೀರಿ.

ಈಗಲೇ ತೋರಿಸಬೇಡಿ. ಹೆಣಗಳ ರಾಶಿ ನೋಡಿದ ಹುಡುಗ ಹೆದರುತ್ತಾನೆ, ಇಲ್ಲವೇ ಮುಖ ತಿರುಗಿಸುತ್ತಾನೆ. ಸತ್ತವರಿಗೂ ಮನೆ, ಬೀದಿ, ಶಾಲೆ ಇತ್ತು ಅನ್ನೋದು ಅವನಿಗೆ ಮೊದಲು ಗೊತ್ತಾಗಬೇಕು.

ನಾನಿರೋದು ಬರ್ಲಿನ್‌ನಲ್ಲಿ. ಊರಿಂದ ನೆಂಟರ ಮಕ್ಕಳು ಬಂದರೆ ಮೊದಲು ಷೋನೆಬೆರ್ಗ್ ಕಡೆಯ ಬವೇರಿಯನ್ ಕ್ವಾರ್ಟರ್‌ಗೆ ಕರೆದುಕೊಂಡು ಹೋಗುತ್ತೇನೆ. ಜನ ವಾಸವಿರುವ ಮಾಮೂಲಿ ಬೀದಿಗಳು. ದೀಪದ ಕಂಬಗಳಲ್ಲಿ 80 ಫಲಕಗಳಿವೆ. ರೆನಾಟಾ ಸ್ಟೀ ಮತ್ತು ಫ್ರೀಡರ್ ಶ್ನಾಕ್ ಎಂಬ ಕಲಾವಿದರು 1993ರಲ್ಲಿ ಮಾಡಿದ್ದು. ಒಂದು ಬದಿಯಲ್ಲಿ ಮಕ್ಕಳ ಪುಸ್ತಕದಲ್ಲಿರುವಂಥ ಬಣ್ಣದ ಚಿತ್ರ, ಇನ್ನೊಂದು ಬದಿಯಲ್ಲಿ ನಾಜಿ ಸರ್ಕಾರದ ಒಂದು ಆದೇಶ. ಬೆಕ್ಕಿನ ಚಿತ್ರ ನೋಡಿ ಮಕ್ಕಳು ಓಡಿ ಹೋಗುತ್ತಾರೆ. ಹಿಂದೆ ಬರೆದಿದೆ: ಯೆಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ, 1942. ಬೇರೆ ಫಲಕಗಳಲ್ಲಿ: ಬರ್ಲಿನ್‌ನ ಯೆಹೂದಿಗಳು ಸಂಜೆ 4ರಿಂದ 5ರೊಳಗೆ ಮಾತ್ರ ದಿನಸಿ ಕೊಳ್ಳಬೇಕು, 1940. ಯೆಹೂದಿ ಮಕ್ಕಳು ಸರ್ಕಾರಿ ಶಾಲೆಗೆ ಬರುವಂತಿಲ್ಲ, 1938.

ಇಲ್ಲಿಂದ ಶುರು ಮಾಡಿ. ಆ 4 ಗಂಟೆಯ ಆದೇಶವನ್ನೇ ತೆಗೆದುಕೊಳ್ಳಿ. ಅಂಗಡಿ ಬಾಗಿಲಲ್ಲಿ ಹಿಟ್ಲರ್ ನಿಂತಿರಲಿಲ್ಲ. ಗಡಿಯಾರ ನೋಡಿ "ಈಗ ಆಗಲ್ಲ, ಹೋಗಿ" ಅಂದವನು ಅಂಗಡಿಯವನು. ಹಾಜರಿ ಪುಸ್ತಕದಿಂದ ಹೆಸರು ಹೊಡೆದು ಹಾಕಿದವರು ಮೇಷ್ಟ್ರು. ಸಾಲಿನಲ್ಲಿ ನಿಂತು ಸುಮ್ನೆ ನೋಡಿದವರು ಅಕ್ಕಪಕ್ಕದವರು. ಇವರೆಲ್ಲ ಯಾಕೆ ಒಪ್ಪಿಕೊಂಡರು ಅಂತ ಮಗನನ್ನೇ ಕೇಳಿ, ಉತ್ತರಕ್ಕೆ ಕಾಯಿರಿ. ನನ್ನ ಪ್ರಕಾರ ಇಡೀ ಪಾಠದ ಜೀವ ಈ ಪ್ರಶ್ನೆಯಲ್ಲಿದೆ.

"ದೇಶ ಕಟ್ಟಿದ" ಅನ್ನೋದಕ್ಕೂ ಆಗ ಉತ್ತರ ಸಿಗುತ್ತೆ: ತನ್ನದೇ ಜನರನ್ನು ಹೊರಗೆ ಹಾಕೋದು ದೇಶ ಕಟ್ಟೋದಲ್ಲ. ಏಪ್ರಿಲ್ 1933ರಲ್ಲೇ ಕಾನೂನು ಮಾಡಿ ಯೆಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆದರು. ಆಗ ಜರ್ಮನಿಯಲ್ಲಿ ಅವರು ನೂರಕ್ಕೆ ಒಬ್ಬರೂ ಇರಲಿಲ್ಲ. ಆ ವರ್ಷ ಕೆಲಸ ಹೋದವರಲ್ಲಿ ಇಬ್ಬರು ಬೆಂಗಳೂರಿಗೂ ಬಂದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ಸಿ.ವಿ. ರಾಮನ್ ಕರೆದರೆಂದು ಬಂದು ಕೆಲವು ತಿಂಗಳು ಐಐಎಸ್‌ಸಿ ಅಂದರೆ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು. ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬೆರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಇನ್‌ಸ್ಟಿಟ್ಯೂಟ್‌ನ ಕೆಲವು ಕಟ್ಟಡ ಅವರದೇ. ಆ ಕಡೆ ಹೋದಾಗ ಮಗನಿಗೆ ತೋರಿಸಿ.

ಎಲ್ಲರಿಗೂ ತಪ್ಪಿಸಿಕೊಳ್ಳಲು ಆಗಲಿಲ್ಲ. ಬರ್ಲಿನ್‌ನಿಂದ ಯೆಹೂದಿಗಳನ್ನು ಸಾಗಿಸುವ ರೈಲುಗಳು ಅಕ್ಟೋಬರ್ 1941ರಲ್ಲಿ ಗ್ರೂನೆವಾಲ್ಡ್ ನಿಲ್ದಾಣದಿಂದ ಹೊರಟವು. ಅಲ್ಲಿ 17ನೇ ಪ್ಲಾಟ್‌ಫಾರ್ಮಿನ ಅಂಚಿನ ಉಕ್ಕಿನ ಹಲಗೆಗಳ ಮೇಲೆ ಪ್ರತಿ ಸಾಗಾಟದ ತಾರೀಕು, ಜನರ ಲೆಕ್ಕ, ಹೋದ ಊರು ಕೊರೆದಿದ್ದಾರೆ. ಕೊನೆಯದು 27 ಮಾರ್ಚ್ 1945, 18 ಜನ. ಬರ್ಲಿನ್ ಶರಣಾಗೋಕೆ ಐದೇ ವಾರ ಉಳಿದಿತ್ತು. ಯುದ್ಧ ಸೋಲುತ್ತಿದ್ದಾಗಲೂ 18 ಜನರನ್ನು ಬಿಡಲಿಲ್ಲ. ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದರು, ಅದರಲ್ಲಿ ಸುಮಾರು 15 ಲಕ್ಷ ಮಕ್ಕಳು ಅಂತ ಇಷ್ಟೆಲ್ಲ ಆದ ಮೇಲೆ ಹೇಳಿ. ಯುರೋಪಿನ ಅಲ್ಪಸಂಖ್ಯಾತ ಸಮುದಾಯವಾದ ರೋಮಾ ಜನರನ್ನೂ ಅಂಗವಿಕಲರನ್ನೂ ಕೊಂದಿದ್ದನ್ನು ಬಿಡಬೇಡಿ.

ಒಂದು ಕೋರಿಕೆ. ಕೆಲವರು ತರಗತಿಯಲ್ಲಿ "ನೀನು ನಾಜಿ, ನೀನು ಕೈದಿ" ಅಂತ ಆಟ ಕಟ್ಟಿಸುತ್ತಾರೆ. ದಯವಿಟ್ಟು ಬೇಡ. ಮಕ್ಕಳಿಗೆ ಅದು ಆಟವಾಗಿಯೇ ಉಳಿಯುತ್ತೆ, ಅನುಭವಿಸಿದವರಿಗೆ ಅವಮಾನ.

ಪೋಲೆಂಡಿನಲ್ಲಿರುವ ಆಶ್ವಿಟ್ಜ್ ಕ್ಯಾಂಪಿನ ಸ್ಮಾರಕದವರೇ 14 ವರ್ಷ ತುಂಬದ ಮಕ್ಕಳನ್ನು ಕರೆತರಬೇಡಿ ಅಂತ ಸಲಹೆ ಕೊಡುತ್ತಾರೆ. ನಿಮ್ಮ ಮಗನಿಗೆ ಹೆಚ್ಚು ಕಡಿಮೆ ಅಷ್ಟೇ ವಯಸ್ಸು. ಮುಂದೆ ಅವನಾಗಿ ಫೋಟೊ ನೋಡಬೇಕು ಅಂದರೆ ತಡೆಯಬೇಡಿ, ಪಕ್ಕದಲ್ಲಿ ಕೂತು ನೋಡಿ. ಮಲಗೋ ಹೊತ್ತಲ್ಲಿ ಮಾತ್ರ ಬೇಡ.