ವಿಮರ್ಶಕರು ಮೆಚ್ಚದ ಆಟ ನನಗೆ ಹಿಡಿಸಿದೆ

ಪ್ರಶ್ನೆ: ರಿಯಾಯಿತಿ ದರದಲ್ಲಿ ಕೊಂಡ ‘ಡೇಸ್ ಗಾನ್’ ಎಂಬ ಆಟವನ್ನು ಕಂಪ್ಯೂಟರಿನಲ್ಲಿ ಆಡುತ್ತಿದ್ದೇನೆ, ತುಂಬ ಇಷ್ಟವಾಗಿದೆ. ಆದರೆ ಬಿಡುಗಡೆಯ ಕಾಲದ ವಿಮರ್ಶೆಗಳಲ್ಲಿ ಅದಕ್ಕೆ ಸಿಕ್ಕ ಅಂಕಗಳನ್ನು ತೋರಿಸಿ ಗೆಳೆಯರು ಹಾಸ್ಯ ಮಾಡುತ್ತಾರೆ. ನನ್ನ ಅಭಿರುಚಿ ಸರಿಯಿಲ್ಲವೇ, ಅಥವಾ ವಿಮರ್ಶಕರೇ ಎಡವಿದರೇ? ಇನ್ನು ಮುಂದೆ ವಿಮರ್ಶೆ ಓದಿ ಆಟ ಕೊಳ್ಳಬೇಕೇ, ಬೇಡವೇ?
– ಓದುಗ, ದಾವಣಗೆರೆ

ಉತ್ತರ: ಮೊದಲು ಆ ಅಂಕದ ವಿಚಾರ. ಅಮೆರಿಕದ ಆರೆಗಾನ್ ರಾಜ್ಯದ ಬೆಂಡ್ ಸ್ಟುಡಿಯೋ ರೂಪಿಸಿದ ಈ ಆಟ 2019ರ ಏಪ್ರಿಲ್‌ನಲ್ಲಿ ಸೋನಿ ಕಂಪನಿಯ ಆಟದ ಯಂತ್ರವಾದ ಪ್ಲೇಸ್ಟೇಷನ್ 4ಕ್ಕೆ ಬಂದಾಗ, ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ತಾಣದಲ್ಲಿ ಅದಕ್ಕೆ ನೂರಕ್ಕೆ 71 ಅಂಕ ದೊರೆಯಿತು. ನಮ್ಮ ಪರೀಕ್ಷೆಗಳಲ್ಲಾದರೆ ಅದು ಪ್ರಥಮ ದರ್ಜೆ. ಆ ತಾಣದಲ್ಲಿ ಮಾತ್ರ 75ಕ್ಕಿಂತ ಕಡಿಮೆ ಬಂದ ಆಟ ಹಳದಿ ಬಣ್ಣದ ‘ಮಿಶ್ರ’ ವರ್ಗಕ್ಕೆ ಇಳಿಯುತ್ತದೆ. ಹಿಂದಿನ ವರ್ಷವಷ್ಟೇ ಸೋನಿ ಹೊರತಂದಿದ್ದ ‘ಗಾಡ್ ಆಫ್ ವಾರ್’ 94 ಅಂಕ ಪಡೆದಿದ್ದುದರಿಂದ, ಅದೇ ಕಂಪನಿ ಹೊರತಂದ ಈ ಆಟ ನಪಾಸಾದಂತೆ ಕಂಡದ್ದು ಸಹಜ.

ವಿಮರ್ಶಕರು ಎತ್ತಿದ ಆಕ್ಷೇಪಗಳಲ್ಲಿ ಹೆಚ್ಚಿನವು ನಿಜವೇ ಆಗಿವೆ. ಕಥೆ ತೀರ ನಿಧಾನವಾಗಿ ಸಾಗುತ್ತದೆ, ಒಂದೇ ಬಗೆಯ ಕೆಲಸಗಳನ್ನು ಮತ್ತೆ ಮತ್ತೆ ಮಾಡಿಸುತ್ತದೆ, ಬಿಡುಗಡೆಯ ಹೊತ್ತಿಗೆ ತಾಂತ್ರಿಕ ದೋಷಗಳೂ ಸಾಕಷ್ಟಿದ್ದವು. ಆದರೆ ಹತ್ತಾರು ಗಂಟೆಗಳ ಆಟವೊಂದನ್ನು ಬಿಡುಗಡೆಯ ದಿನದೊಳಗೆ ಮುಗಿಸಿ ಬರೆಯಬೇಕಾದವರಿಗೆ ಈ ನಿಧಾನ ಎಷ್ಟು ಭಾರವೆನಿಸುತ್ತದೆಯೋ, ದಿನಕ್ಕೊಂದು ಗಂಟೆ ಬಿಡುವು ಮಾಡಿಕೊಂಡು ಆಡುವವರಿಗೆ ಅಷ್ಟು ಭಾರವೆನಿಸುವುದಿಲ್ಲ. ಮೇಲಾಗಿ ಕಂಪ್ಯೂಟರಿನ ಆವೃತ್ತಿ ಬಂದದ್ದು 2021ರ ಮೇ ತಿಂಗಳಿನಲ್ಲಿ, ಹಲವು ದೋಷಗಳು ಸರಿಹೋದ ಮೇಲೆ. ನೀವು ಕೊಟ್ಟ ಬೆಲೆಯೂ ಅವರ ಕಾಲದ್ದಲ್ಲ.

ಇಷ್ಟಕ್ಕೇ ನಿಮ್ಮ ಮೆಚ್ಚುಗೆಯ ಕಾರಣ ಪೂರ್ತಿ ತಿಳಿಯಿತೆನ್ನಲಾಗದು. ಈ ಆಟದ ಸೊಗಸು ಇರುವುದು ಕಥೆಯಲ್ಲಲ್ಲ, ಮಹಾಮಾರಿಯಿಂದ ಪಾಳುಬಿದ್ದ ನಾಡಿನಲ್ಲಿ ನಾಯಕ ಅಲೆಯುವ ಬೈಕಿನಲ್ಲಿ ಮತ್ತು ‘ಹೋರ್ಡ್’ ಎಂದು ಕರೆಯುವ, ಕಂಡವರ ಮೇಲೆರಗುವ ನೂರಾರು ರೋಗಗ್ರಸ್ತರ ಹಿಂಡುಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಪೆಟ್ರೋಲು ಮುಗಿದರೆ ಡಬ್ಬಿ ಹುಡುಕಿಕೊಂಡು ನಡೆಯಬೇಕು. ನಕಾಶೆಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ನೇರ ಜಿಗಿಯುವುದಕ್ಕೂ ಇಂಧನ ಖರ್ಚಾಗುತ್ತದೆ. ಕಾಡಿನ ನಡುವೆ ಆಟವನ್ನು ಸೇವ್ ಮಾಡಬೇಕೆಂದರೂ ಬೈಕಿನ ಬಳಿಗೇ ಬರಬೇಕು. ಹೀಗಾಗಿ ಅದನ್ನು ಎಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದೆವು ಎಂಬುದು ಪ್ರಾಣದ ಪ್ರಶ್ನೆಯಾಗುತ್ತದೆ. ಹಿಂಡುಗಳು ಹಗಲಿನಲ್ಲಿ ಗುಹೆ, ಸುರಂಗಗಳಲ್ಲಿ ಅಡಗಿದ್ದು, ಇರುಳಾದ ಮೇಲೆ ನೀರಿಗೂ ಆಹಾರಕ್ಕೂ ಹೊರಬೀಳುತ್ತವೆ. ಅವುಗಳ ಜಾಡು ಹಿಡಿದು, ಓಡುವ ದಾರಿಯನ್ನು ಮೊದಲೇ ಗುರುತಿಸಿಕೊಂಡು, ಇಕ್ಕಟ್ಟಾದ ಕಡೆ ಸ್ಫೋಟಕಗಳನ್ನಿಟ್ಟು ಕೆಣಕುವ ಸುಖ ಬೇರೆ ಆಟಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಆದರೆ ಅಂಥ ದೊಡ್ಡ ಹಿಂಡನ್ನು ಎದುರಿಸಲೇಬೇಕೆಂದು ಕಥೆ ನಮ್ಮನ್ನು ಕಳುಹಿಸುವುದು ಬಹಳ ತಡವಾಗಿ, ಹಳೆಯ ಮರ ಕೊಯ್ಯುವ ಕಾರ್ಖಾನೆಯ ಪ್ರಸಂಗದಲ್ಲಿ. ಒಳ್ಳೆಯದನ್ನು ಅಷ್ಟು ಹೊತ್ತು ಬಚ್ಚಿಟ್ಟ ತಪ್ಪು ಆಟ ರೂಪಿಸಿದವರದೇ ಹೊರತು ಓದಿ ಬೇಸರಪಟ್ಟ ನಿಮ್ಮದೂ ಅಲ್ಲ, ಬರೆದ ವಿಮರ್ಶಕರದೂ ಅಲ್ಲ.

ಆದ್ದರಿಂದ ಗೆಳೆಯರೊಡನೆ ವಾದಿಸುವಾಗ ವಿಮರ್ಶಕರು ದುಡ್ಡು ತಿಂದು ಬರೆದರೆಂಬ ಮಾತಿಗೆ ಹೋಗಬೇಡಿ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಈ ಆಟದ ಬಗ್ಗೆ ಅಭಿಪ್ರಾಯ ಬರೆದ ಆಟಗಾರರಲ್ಲಿ ಬಹುಪಾಲು ಜನ ಮೆಚ್ಚಿಯೇ ಬರೆದಿದ್ದಾರೆ ಎಂದು ತೋರಿಸುವುದೂ ದೊಡ್ಡ ಸಾಕ್ಷಿಯೇನಲ್ಲ, ಏಕೆಂದರೆ ಅಲ್ಲಿ ಬರೆಯುವವರು ತಮಗೆ ಹಿಡಿಸಬಹುದೆಂದೇ ಹಣ ಕೊಟ್ಟವರು. ನಿಮಗೆ ಹಿಡಿಸಿದ್ದು ಯಾವುದೆಂದು ಹೇಳಿದರಾಯಿತು.

ಇನ್ನು ಎರಡನೆಯ ಪ್ರಶ್ನೆ. ವಿಮರ್ಶೆಗಳನ್ನು ಖಂಡಿತ ಓದಿ, ಆದರೆ ಕೊನೆಯ ಅಂಕದಿಂದಲ್ಲ, ಮೊದಲ ಸಾಲಿನಿಂದ. ‘ಹಿಂಡುಗಳನ್ನು ಬಿಟ್ಟರೆ ಆಟ ಸಪ್ಪೆ’ ಎಂಬಂಥ ವಾಕ್ಯ ಒಬ್ಬರನ್ನು ದೂರವಿಟ್ಟರೆ ಇನ್ನೊಬ್ಬರನ್ನು ಅಂಗಡಿಗೆ ಕರೆದೊಯ್ಯುತ್ತದೆ. ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಪಡೆಯುವ ಅವಕಾಶವಿದೆ. ಆದರೆ ಇಂಥ ನಿಧಾನದ ಆಟಗಳ ಗುಣ ಆ ಎರಡು ಗಂಟೆಗಳಲ್ಲಿ ಗೊತ್ತಾಗುವುದಿಲ್ಲವಾದ್ದರಿಂದ, ಯೂಟ್ಯೂಬಿನಲ್ಲಿ ಯಾರಾದರೂ ಆಟದ ನಡುಭಾಗವನ್ನು ಆಡಿ ತೋರಿಸಿದ್ದನ್ನು ನೋಡಿ ಕೊಳ್ಳುವುದು ಹೆಚ್ಚು ಉಪಯುಕ್ತ.